ನನ್ನ ಪಾಲಿನ ಅನ್ನ ತಿಂದವನು

ಸಾಹರ್ ಮಾವ ನನ್ನ ಗಂಡನ ಬಾಯಿಗೆ ಗುದ್ದಿದಾಗ ಆ ಬಾಯಿ ತುಂಬ ನನ್ನ ಪಾಲಿನ ಅನ್ನವಿತ್ತು. ಮೊದಲ ಏಟಿಗೆ ಅನ್ನ ಚಾಪೆಯ ಮೇಲೆ ಚೆಲ್ಲಿತು. ಎರಡನೆಯದಕ್ಕೆ ರಕ್ತ ಬಂತು.

ಮಾವ ಅಮ್ಮನ ಅಣ್ಣ, ನಮ್ಮ ಕುಲದ ಯಜಮಾನ. ಶುಕ್ರವಾರದ ನಮಾಜು ಮುಗಿಸಿ ಊಟಕ್ಕೆ ಬಂದಿದ್ದ. ಸುಮಾತ್ರಾದ ನಮ್ಮ ಪಾಯಕುಂಬುಹ್‌ನಲ್ಲಿ ಮನೆ, ಗದ್ದೆ, ಕಣಜ ಎಲ್ಲವೂ ಹೆಂಗಸರದ್ದು, ತಾಯಿಯಿಂದ ಮಗಳಿಗೆ ಹೋಗುವುದು. ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಬಂದು ತಲೆ ತಗ್ಗಿಸಿಕೊಂಡು ಇರಬೇಕು. ಅಂಥ ಅಳಿಯ ಹೆಂಡತಿಯ ತಟ್ಟೆಯಿಂದ ಅನ್ನ ಎತ್ತಿ ತಿನ್ನುವುದನ್ನು ಮಾವ ಕಣ್ಣಾರೆ ಕಂಡ. ನನ್ನ ಕೆನ್ನೆ ಬತ್ತಿತ್ತು, ನನ್ನ ಗಂಡ ಅಫ್ರಿಜೋನನ ಹೊಟ್ಟೆ ಮುಂದೆ ಬಂದಿತ್ತು. ಮಾವನಿಗೆ ಇನ್ಯಾವ ಸಾಕ್ಷಿಯೂ ಬೇಕಿರಲಿಲ್ಲ.

"ನಮ್ಮ ಹುಡುಗಿ ಬಾಯಿಂದ ಕಿತ್ಕೊಂಡು ತಿಂತೀಯೇನೋ?"

ಜೋನ್ ಕೈ ಎತ್ತಲಿಲ್ಲ. ಏಟು ತಿನ್ನುತ್ತಲೇ ನನ್ನ ಕಡೆ ನೋಡಿದ. ಹೇಳಬೇಡ ಎಂದು ಸಣ್ಣಗೆ ತಲೆಯಾಡಿಸಿದ.

ಹೇಳದೆ ಇಟ್ಟುಕೊಂಡದ್ದು ಎಂಟು ತಿಂಗಳ ಗುಟ್ಟು. ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಿರಲಿಲ್ಲ. ಪಕ್ಕದ ಪಟ್ಟಣ ಬುಕಿಟ್ಟಿಂಗಿಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಪಿಸಿಒಎಸ್, ಅಂಡಾಶಯದ ತೊಂದರೆ, ಅಂದರು. ಅನ್ನ, ಸಕ್ಕರೆ ಕಡಿಮೆ ಮಾಡು, ಸೊಪ್ಪು, ಮೀನು, ಮೊಟ್ಟೆ ತಿನ್ನು, ತೂಕ ಇಳಿದರೆ ಮುಟ್ಟು ಸರಿಹೋಗಬಹುದು, ಆಮೇಲೆ ನೋಡೋಣ ಎಂದರು. ನಾನು ಅಮ್ಮನ ಒಬ್ಬಳೇ ಮಗಳು. ನನಗೆ ಹೆಣ್ಣು ಮಗು ಹುಟ್ಟದಿದ್ದರೆ ಈ ಮನೆ ದಾಯಾದಿಗಳ ಪಾಲು. ಕುಲದವರ ಬಾಯಿಗೆ ಬೀಳಬಾರದೆಂದು ಜೋನ್ ಹತ್ತಿರ ಆಣೆ ಹಾಕಿಸಿಕೊಂಡಿದ್ದೆ.

ಆದರೆ ಅಮ್ಮ ಬಡಿಸುವ ಅನ್ನವನ್ನು ಏನು ಮಾಡುವುದು? ಅದು ಅವಳ ಗದ್ದೆಯ ಅಕ್ಕಿ. ಬೇಡವೆಂದರೆ ಅವಳ ಕೆನ್ನೆಗೆ ಬಾರಿಸಿದ ಹಾಗೆ.

ದಾರಿ ಹುಡುಕಿದವನು ಜೋನ್. ಅಮ್ಮ ಮೀನಿನ ಸಾರಿಗೆಂದು ಅತ್ತ ತಿರುಗಿದ ಕೂಡಲೇ ಅವನ ಕೈ ನನ್ನ ತಟ್ಟೆಗೆ ಬರುತ್ತಿತ್ತು. ಒಂದು ಹುಬ್ಬು ಮೇಲೆ, ತುಟಿಯಲ್ಲಿ ತಡೆದ ನಗು, ಕಣ್ಣಲ್ಲಿ 'ಸಾಕಾ?' ಎಂಬ ಪ್ರಶ್ನೆ. ಅವನ ತಟ್ಟೆಯ ಮೊಟ್ಟೆ ನನ್ನ ತಟ್ಟೆಗೆ ಉರುಳುತ್ತಿತ್ತು. ನಾನು ಕಣ್ಣು ಕೆಳಗೆ ಹಾಕಿ ನಾಚುತ್ತಿದ್ದೆ, ಹೊಸ ಮದುವಣಗಿತ್ತಿಯ ಥರ. ನಾನು ಒಂಬತ್ತು ಕೆಜಿ ಇಳಿದೆ, ಅವನು ಏಳು ಕೆಜಿ ಏರಿದ.

ಕಳೆದ ತಿಂಗಳು, ಸತತ ಎರಡನೇ ಸಲ, ಮುಟ್ಟು ಸರಿಯಾದ ದಿನಕ್ಕೆ ಬಂತು. ಈ ಸಲವೂ ಬಸಿರಾಗಲಿಲ್ಲವೆಂದು ಅಮ್ಮ ಮೂಲೆಯಲ್ಲಿ ಕೂತು ಅತ್ತಳು. ನಾನು ಫೋನ್ ಮಾಡಿ ಹೇಳಿದರೆ ಜೋನ್ ತಾನು ಕೆಲಸ ಮಾಡುವ ಮೊಟ್ಟೆ ಶೆಡ್ಡಿನಲ್ಲಿ ಕುಣಿದು ಒಂದು ಟ್ರೇ ಮೊಟ್ಟೆ ಒಡೆದುಹಾಕಿದ. ಹೆಂಡತಿ ಮುಟ್ಟಾದಳೆಂದು ಕುಣಿಯುವ ಗಂಡ ಇನ್ನೆಲ್ಲಿ ಸಿಗುತ್ತಾನೆ!

ಆ ಗಂಡನನ್ನು ಮಾವ ಕಾಲರ್ ಹಿಡಿದು ಮೆಟ್ಟಿಲ ತನಕ ಎಳೆದ. ಅವನ ಬಟ್ಟೆಗಳು ಅಂಗಳಕ್ಕೆ ಹಾರಿದವು. ಅಮ್ಮ ಅಳುತ್ತಲೇ ಸೌಟಿನಿಂದ ಅವನ ಬೆನ್ನಿಗೆ ಬಾರಿಸಿದಳು. ಅವನ ಒಂದು ಕಣ್ಣು ಆಗಲೇ ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣು ಆಗಲೂ ಬೇಡ ಅನ್ನುತ್ತಿತ್ತು.

ನನ್ನ ಮೈ ಉರಿದುಹೋಯಿತು. ರೈಸ್ ಕುಕ್ಕರ್ ಎತ್ತಿ ಮಾವನ ಕಾಲಿಗೆ ಅಪ್ಪಳಿಸಿದೆ.

"ಕಾಯಿಲೆ ಇರೋದು ನನಗೆ ಮಾವ. ಮಗು ಆಗದೇ ಇರೋದಕ್ಕೆ ನಾನು ಕಾರಣ, ಇವನಲ್ಲ. ಅನ್ನ ಬಿಡು ಅಂದಿದ್ದು ಡಾಕ್ಟ್ರು. ಅಮ್ಮನಿಗೆ ನೋವಾಗಬಾರದು ಅಂತ ಇವನು ದಿನಾ ನುಂಗಿದ."

ಅಮ್ಮನ ಕೈಯಿಂದ ಸೌಟು ಬಿತ್ತು. ಮಾವ ಮೊಣಕಾಲು ಉಜ್ಜಿಕೊಳ್ಳುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹಾಗಾದ್ರೆ ಬಂಜೆಗೆ ಈ ಮನೆ ಯಾಕೆ?"

ಜೋನ್ ಹೊಡೆದ. ಒಂದೇ ಏಟು. ಮಾವನ ತಲೆ ಕಂಬಕ್ಕೆ ಬಡಿಯಿತು, ಹಲ್ಲೊಂದು ಮೆಟ್ಟಿಲ ಮೇಲೆ ಬಿತ್ತು. ಕುಲದ ಯಜಮಾನನಿಗೆ ಅವನ ತಂಗಿಯ ಮನೆಯಲ್ಲೇ ಕೈ ಮಾಡಿದ ಅಳಿಯನನ್ನು ನಮ್ಮೂರು ಕಂಡಿರಲಿಲ್ಲ. ಇನ್ನು ಆ ಮನೆಯಲ್ಲಿ ಅವನಿಗೆ ಜಾಗವಿಲ್ಲವೆಂದು ಯಾರೂ ಹೇಳಬೇಕಿರಲಿಲ್ಲ. ಅಮ್ಮನಿಗೆ ತಪ್ಪಾಯಿತೆಂದು ಕೈಮುಗಿದು ಬರಿಗಾಲಲ್ಲಿ ಇಳಿದುಹೋದ.

ಹೊರಗೆ ಹಾಕಿದ ಗಂಡನ ಹಿಂದೆ ನಮ್ಮಲ್ಲಿ ಯಾವ ಹೆಂಗಸೂ ಹೋಗುವುದಿಲ್ಲ. ನಾನು ಹೋದೆ. ಇಳಿದರೆ ಮತ್ತೆ ಹತ್ತಬೇಡ ಎಂದು ಮಾವ ರಕ್ತ ಉಗುಳುತ್ತಾ ಕೂಗಿದ. ಈ ಮನೆಗಾಗಿಯೇ ಎಂಟು ತಿಂಗಳು ಸುಳ್ಳು ಹೇಳಿದ್ದೆ, ಆದರೂ ಇಳಿದೆ.

ಬೆನ್ನಿಗೆ ಏನೋ ಬಂದು ಬಡಿಯಿತು. ನನ್ನ ಚಪ್ಪಲಿ. ಕಿಟಕಿಯಲ್ಲಿ ಅಮ್ಮ ನಿಂತಿದ್ದಳು.

"ಕಾಲು ಸುಡುತ್ತೆ, ಹಾಕ್ಕೊಂಡು ಹೋಗೇ." ಅಮ್ಮ ಕಿಟಕಿಯಿಂದ ಬಗ್ಗಿದಳು. "ಏನೇನು ತಿನ್ನಬಹುದು ಅಂತ ಬರೆದು ಕಳಿಸು."

ಬೀದಿಯ ತಿರುವಿನಲ್ಲಿ ಜೋನನನ್ನು ಹಿಡಿದೆ. ಅವನ ಮುಷ್ಟಿ ಊದಿಕೊಂಡಿತ್ತು.

"ಮಗು ಆಗದಿದ್ರೆ?" ಎಂದೆ. ಎಂಟು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಆಗದಿದ್ರೆ ಆಗಲ್ಲ. ನೀನಿಲ್ಲದೆ ಇರೋದು ಮಾತ್ರ ನನ್ ಕೈಲಿ ಆಗಲ್ಲ." ಸೀಳಿದ ತುಟಿಯಲ್ಲೇ ನಕ್ಕ. "ನಿಜ ಹೇಳ್ಲಾ ಗುಸ್ಮಿ? ಮೊದಲನೇ ಏಟಿಗೇ ಎಲ್ಲಾ ಹೇಳಿಬಿಡೋಣ ಅನ್ನಿಸಿತ್ತು."

ನಮ್ಮೂರಲ್ಲಿ ಗಂಡಹೆಂಡತಿ ಹಗಲಲ್ಲಿ ಕೈ ಹಿಡಿದು ನಡೆಯುವುದಿಲ್ಲ. ಬಾಗಿಲು ಬಾಗಿಲಲ್ಲೂ ಜನ ನಿಂತು ನೋಡಿದರು. ಮೊಟ್ಟೆ ಶೆಡ್ಡು ಬರುವ ತನಕ ನಾನು ಆ ಊದಿದ ಕೈ ಬಿಡಲಿಲ್ಲ.