ಶುಕ್ರವಾರದ ನೀರು

ಎಲೆ ಪರೀಕ್ಷೆಯ ವರದಿಯನ್ನು ಗಿಜ್ಲಾನ್ ಮೂರು ಸಲ ಓದಿದಳು. ತೋಟದ ಕೆಳಗಿನ ಎಂಟು ಸಾಲು ಕಿತ್ತಳೆ ಗಿಡಗಳಲ್ಲಿ ಸಾರಜನಕ ಕಡಿಮೆ, ಕಬ್ಬಿಣ ಇನ್ನೂ ಕಡಿಮೆ. ಮೇಲಿನ ಸಾಲುಗಳೆಲ್ಲ ಸೊಂಪಾಗಿದ್ದವು. ಎಲ್ಲಕ್ಕೂ ಒಂದೇ ಗೊಬ್ಬರ, ಒಂದೇ ಹನಿ ಪೈಪು. ಅಳೆದು ಹಾಕಿದ ಕೈಯೂ ಒಂದೇ, ಅವಳದು.

ಕಿತ್ತಳೆಗೆ ಹೆಸರಾದ ಬರ್ಕಾನ್ ಸೀಮೆಯಲ್ಲಿ ಮಗಳ ಕೈಗೆ ತೋಟ ಒಪ್ಪಿಸುವವರು ಅಪರೂಪ. ಅವಳಪ್ಪ ಬೂಝಿಯಾನ್ ಒಪ್ಪಿಸಿದ್ದ. ಮೊನ್ನೆ ಅವನೂ ಭರವಸೆ ಕಳೆದುಕೊಂಡಿದ್ದ. "ಈ ಶುಕ್ರವಾರದವರೆಗೆ ನೋಡ್ತೀನಿ ಮಗಳೇ. ಆಮೇಲೆ ನಿನ್ನ ದೊಡ್ಡಪ್ಪನ ಮಗ ನೋಡ್ಕೊಳ್ಳಲಿ."

ಹಳದಿ ಕಂಡಾಗಲೆಲ್ಲ ಅವಳು ಗೊಬ್ಬರ ಹೆಚ್ಚಿಸಿದ್ದಳು, ಹಳದಿಯೂ ಹೆಚ್ಚಿತ್ತು. ಇವತ್ತು, ಶುಕ್ರವಾರ ಬೆಳಿಗ್ಗೆ, ಬೇರಿನ ಪಕ್ಕ ಅಗೆದು ನೋಡಿದರೆ ಮೊಳದಾಳದಲ್ಲಿ ಕೆಸರು, ಕೊಳೆತ ವಾಸನೆ. ಎರಡು ವಾರದಿಂದ ಆ ಸಾಲುಗಳ ಪೈಪನ್ನು ಅವಳೇ ಬಂದ್ ಮಾಡಿದ್ದಳು. ಮಳೆಯಂತೂ ತಿಂಗಳುಗಳಿಂದ ಇಲ್ಲ.

ಯಾರೋ ಕದ್ದು ನೀರು ಬಿಡುತ್ತಿದ್ದಾರೆ. ಹಾಗಿದ್ದರೆ ಅದು ಶುಕ್ರವಾರ ಮಧ್ಯಾಹ್ನವೇ. ನಮಾಜು ಮುಗಿಸಿ ಊರೆಲ್ಲ ಕುಸ್ಕುಸ್ ಊಟದ ತಟ್ಟೆಯ ಸುತ್ತ ಕೂತಾಗ ತೋಟಗಳಲ್ಲಿ ನರಪಿಳ್ಳೆ ಇರುವುದಿಲ್ಲ. ಅವಳು ಬೇಲಿಯ ಮರಗಳ ನೆರಳಲ್ಲಿ ಕಾದು ಕೂತಳು.

ಗುದ್ದಲಿ ಹೆಗಲೇರಿಸಿ ಬಂದವನು ಪಕ್ಕದ ತೋಟದ ಮಿಮೂನ್. ಬೇಲಿಯಾಚೆ ಅವನ ನೀಲಿ ಟೋಪಿ ಕಂಡರೆ ಅವಳ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಅವನು ಒಮ್ಮೆಯೂ ತಲೆಯೆತ್ತಿ ನೋಡಿದವನಲ್ಲ. ಈಗ ಹಳೆಯ ತೂಬಿನ ಹಲಗೆ ಎತ್ತಿದ. ಕಾಲುವೆಯಿಂದ ಅವನ ಪಾಳಿಗೆ ಬಂದ ನೀರು ಅವಳ ತೋಟಕ್ಕೆ ನುಗ್ಗಿತು.

"ಇದು ಯಾರ ತೋಟ ಅನ್ಕೊಂಡಿದ್ದೀಯ?" ಗಿಜ್ಲಾನ್ ನೆರಳಿಂದ ಎದ್ದು ಬಂದಳು.

ಹಲಗೆ ಅವನ ಕೈಜಾರಿತು. "ನಿಮ್ದೇ."

"ಎಷ್ಟು ದಿನದಿಂದ ನಡೀತಿದೆ ಈ ಉಪಕಾರ?"

"ಬೇಸಿಗೆ ಶುರುವಾದಾಗಿಂದ." ಅವನ ಕಿವಿ ಕೆಂಪಾಯಿತು. "ಬಿಸಿಗಾಳಿ ಬೀಸಿದ ದಿನ ನೀನು ಇಲ್ಲೇ ನಿಂತು ಅಳ್ತಿದ್ದೆ. ಗಿಡ ಒಣಗ್ತಿದೆ ಅಂತ ಅಳ್ತಿದ್ದಾಳೆ ಅನ್ಕೊಂಡೆ. ಹತ್ರ ಬಂದು ಮಾತಾಡೋಕೆ ಧೈರ್ಯ ಇರ್ಲಿಲ್ಲ. ನೀರಿತ್ತು, ಬಿಟ್ಟೆ."

"ಕಣ್ಣಿಗೆ ಧೂಳು ಬಿದ್ದಿತ್ತು ಕಣೋ."

ಹೇಳುತ್ತಲೇ ಗಿಜ್ಲಾನ್‌ಗೆ ನಗು ತಡೆಯಲಾಗಲಿಲ್ಲ. ತಪ್ಪು ತನ್ನದಲ್ಲ ಎಂದು ಗೊತ್ತಾಗಿ ಅಲ್ಲೇ ಕೂತಳು.

"ನಾನು ಹಾಕಿದ ಗೊಬ್ಬರವೆಲ್ಲ ನಿನ್ನ ನೀರಲ್ಲಿ ಕೆಳಗಿಳಿದು ಹೋಯ್ತು. ನಮ್ದು ಸುಣ್ಣದ ಮಣ್ಣು. ಕೆಸರಲ್ಲಿ ಬೇರಿಗೆ ಉಸಿರಿಲ್ಲ, ಕಬ್ಬಿಣ ಇದ್ರೂ ಎಳ್ಕೊಳ್ಳೋಕೆ ಆಗಲ್ಲ."

"ಸಾಯ್ತವಾ?"

"ನೀನು ಸುಮ್ನಿದ್ರೆ ಬದುಕ್ತವೆ. ನಿನ್ನ ಗಿಡಗಳ ಕಥೆ ಏನು?"

"ನೀರು ಸಾಲದೆ ಹಣ್ಣು ನಿಂಬೆಕಾಯಿಯಷ್ಟಿದೆ. ಅಮ್ಮ ದಿನಾ ಬೈತಾಳೆ."

ಅವಳ ನಗು ನಿಂತಿತು. ಇಷ್ಟು ನೀರನ್ನು ಯಾರೂ ಸುಮ್ಮನೆ ಕೊಡುವುದಿಲ್ಲ. ಅವಳು ಅವನ ಮುಖವನ್ನೇ ನೋಡಿದಳು. ಈ ಸಲ ಅವನೂ ಕಣ್ಣು ತಪ್ಪಿಸಲಿಲ್ಲ.

"ಅಪ್ಪನಿಗೆ ಹೇಳ್ಬೇಕು," ಅಂದಳು ಮೆಲ್ಲಗೆ. "ಇವತ್ತೇ."

"ಯಾಕೆ ಬಿಟ್ಟೆ ಅಂತ ಕೇಳ್ತಾರೆ."

"ಕೇಳ್ಲಿ."

ಮಿಮೂನ್ ತೂಬು ಮುಚ್ಚಿ, ಕಾಲು ತೊಳೆದು, ಅವಳ ಹಿಂದೆ ನಡೆದ.

ಮನೆಯಲ್ಲಿ ಬೂಝಿಯಾನ್ ಆಗಷ್ಟೇ ಊಟಕ್ಕೆ ಕೂತಿದ್ದ. ಮಿಮೂನ್ ಬಾಗಿಲಲ್ಲೇ ನಿಂತ. "ಹಾಜಿಯವರೇ, ಗಿಡ ಕೆಡಿಸಿದ್ದು ನಾನು. ನನ್ನ ಪಾಳಿ ನೀರನ್ನ ನಿಮ್ಮ ಕೆಳಗಿನ ಸಾಲಿಗೆ ಬಿಡ್ತಿದ್ದೆ. ಗಿಜ್ಲಾನ್ ಹಾಕಿದ ಗೊಬ್ಬರದ ಅಳತೆ ಸರಿಯಾಗೇ ಇತ್ತು."

"ನಿನ್ನ ನೀರನ್ನ ನಮಗ್ಯಾಕೆ ಬಿಟ್ಟೆ?"

"ಅವಳು ಅಳ್ಬಾರ್ದು ಅಂತ."

ಬೂಝಿಯಾನ್ ಕೈಯ ತುತ್ತನ್ನು ತಟ್ಟೆಗೆ ಇಳಿಸಿದ. ಈ ಸೀಮೆಯಲ್ಲಿ ಪಾಳಿಯ ನೀರಿಗಾಗಿ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದರು. ಅವನು ಮಗಳತ್ತ ತಿರುಗಿದ. "ತೋಟ ನಿನ್ನ ಕೈಯಲ್ಲೇ ಇರ್ಲಿ. ಅನುಮಾನಪಟ್ಟಿದ್ದು ನನ್ನ ತಪ್ಪು." ಮಿಮೂನ್‌ಗೆ ತಟ್ಟೆಯ ಪಕ್ಕ ಜಾಗ ತೋರಿಸಿದ. "ಕೂತ್ಕೋ. ಮುಂದಿನ ವಾರ ನಿಮ್ಮಮ್ಮನ್ನ ಕಳ್ಸು. ಹೆಣ್ಣು ಕೇಳೋ ಪದ್ಧತಿ ಅವಳಿಗಾದ್ರೂ ಗೊತ್ತಿರುತ್ತೆ."

ಮಿಮೂನ್ ಗಿಜ್ಲಾನ್ ಕಡೆ ನೋಡಿ ಕೇಳಿದ, "ಕಳಿಸ್ಲಾ?"

"ಕಳ್ಸು," ಅಂದಳು ಗಿಜ್ಲಾನ್. ತಟ್ಟೆಯಲ್ಲಿ ತನ್ನ ಪಾಲಿನ ಮಾಂಸದ ತುಂಡನ್ನು ಎಲ್ಲರೆದುರೇ ಅವನ ಕಡೆಗೆ ಸರಿಸಿದಳು. ಬೇಸಿಗೆಯಿಡೀ ಸೇರದಿದ್ದ ಊಟ ಅವತ್ತು ಅವಳಿಗೆ ಹೊಟ್ಟೆತುಂಬ ಸೇರಿತು.