ಕ್ಯಾಲೆಂಡರ್ ಮುಗಿದ ಮೇಲೆ

"ಮನೀಷಾ ಲಗಮಣ್ಣ ಅಂದ್ರ ಯಾರ್ರಿ? ಸ್ವಲ್ಪ ಮುಂದ ಬರ್ರಿ."

ಕಾಗವಾಡದ ಮೈದಾನದಲ್ಲಿ ರವಿವಾರದ ಓಟದ ತಾಲೀಮಿಗೆ ಸಾಲಾಗಿ ನಿಂತಿದ್ದ ಮೂವತ್ತು ಹುಡುಗಿಯರ ನಡುವಿನಿಂದ ಮನೀಷಾ ಮುಂದೆ ಬಂದಳು. ಎದೆ ಡವಡವ ಎನ್ನುತ್ತಿತ್ತು. ಹೆದರಿಕೆಯಿಂದಲ್ಲ... ಆ ದನಿಯಿಂದ!

ಎರಡು ತಿಂಗಳಿಂದ ಅದೇ ದನಿ ಅವಳ ಕಿವಿಯಲ್ಲಿತ್ತು. 'ಹೆಜ್ಜಿ' ಎಂಬ ಆ್ಯಪ್‌ನಲ್ಲಿ. ಪೊಲೀಸ್ ಪರೀಕ್ಷೆಯ ಓಟಕ್ಕೆ ತಯಾರಾಗುವ ಹುಡುಗಿಯರಿಗೆಂದು ನಿಪ್ಪಾಣಿಯ ಇಬ್ಬರು ಗೆಳೆಯರು ಮಾಡಿದ ಆ್ಯಪ್ ಅದು. ಯಾವ ದಿನ ಎಷ್ಟು ಓಡಬೇಕೆಂದು ಅದರ ಕ್ಯಾಲೆಂಡರ್ ಹೇಳುತ್ತಿತ್ತು. ಓಡಿದ ದಿನ ಹಸಿರು, ತಪ್ಪಿದ ದಿನ ಕೆಂಪು. ನಡುನಡುವೆ ಒಂದು ಗಂಡು ದನಿ, "ಶಬ್ಬಾಸ್! ಇನ್ನ ಸ್ವಲ್ಪ ಐತಿ, ಬಿಡಬ್ಯಾಡ್ರಿ!" ಎನ್ನುತ್ತಿತ್ತು.

ಆ ದನಿಗೆ ಒಂದು ಮುಖ ಹೇಗಿದ್ದೀತು ಎಂದು ಮನೀಷಾ ಎಷ್ಟು ಸಲ ಯೋಚಿಸಿದ್ದಳೋ! ಈಗ ಆ ಮುಖ ಎದುರಿಗೇ ಇತ್ತು. ಹೆಸರು ಸಂಗ್ರಾಮ. ಎತ್ತರದ ಆಳು, ಬಿಸಿಲಿಗೆ ಕಂದಿದ ಮೈಬಣ್ಣ, ಮೂಗಿನ ಮೇಲೆ ಜಾರುವ ಕನ್ನಡಕ. ಅವಳು ಊಹಿಸಿದ್ದಕ್ಕಿಂತ ಚೆನ್ನಾಗಿಯೇ ಇದ್ದ. ಅದೇ ತಪ್ಪಾಯಿತು ನೋಡಿ.

ಅವನು ಟ್ಯಾಬ್‌ನಿಂದ ತಲೆ ಎತ್ತಲಿಲ್ಲ.

"ಮಂಗಳವಾರ ಇಪ್ಪತ್ತೆರಡ ಸರ್ತಿ ಓಡೀರಿ ಅಂತ ತೋರಸ್ತೈತಿ. ಒಂದೊಂದ ಸರ್ತಿ ಎರಡ ನೂರ ಮೀಟರ್. ಆಮ್ಯಾಲ ಮುಂದಿನ ವಾರ ಪೂರಾ ಕೆಂಪು. ಅದರ ಮುಂದಿನ ವಾರ ಮತ್ತ ಇಪ್ಪತ್ತೆರಡ! ಯಾರರ ಹಿಂಗ ಓಡ್ತಾರೇನ್ರಿ?"

"ಓಡೀನ್ರಿ," ಎಂದಳು ಮನೀಷಾ.

"ನೀವು ಓಡೀರೋ... ಫೋನ ಎಮ್ಮಿ ಕೊಳ್ಳಾಗ ಕಟ್ಟಿದ್ರೋ?"

ಮೈದಾನವೆಲ್ಲ ನಗೆ! ಬೋರಗಾಂವದ ಸರಿತಾ ಒಬ್ಬಳೇ ನಗಲಿಲ್ಲ.

ಮನೀಷಾಳ ಕಿವಿ ಕೆಂಪಾಯಿತು. ಹೇಳಬೇಕೆಂದರೆ ಅವಳಲ್ಲಿ ಉತ್ತರವಿತ್ತು. ಆದರೆ ಕೇಳಿದ ರೀತಿಗೆ ಉತ್ತರ ಹೊರಬರಲಿಲ್ಲ.

"ನಾ ಓಡೀನಿ ಅಂತ ಹೇಳೀನ್ರಿ. ನಂಬೂದು ಬಿಡೂದು ನಿಮಗ ಬಿಟ್ಟದ್ದು. ನೀವು ಮಾಡಿದ ಕ್ಯಾಲೆಂಡರಿಗೆ ನಮ್ಮ ವಾರ ಹ್ಯಾಂಗ ಇರ್ತೈತಿ ಅನ್ನೂದ ಗೊತ್ತಿಲ್ಲ."

ಅಷ್ಟೇ. ಚಪ್ಪಲಿ ಮೆಟ್ಟಿ, ತನ್ನೂರು ಜುಗೂಳದ ಬಸ್ಸು ಹಿಡಿಯಲು ಹೊರಟೇಬಿಟ್ಟಳು.

ಬಸ್ಸಿನಲ್ಲಿ ಕಿಟಕಿಗೆ ಮುಖಮಾಡಿ ಕೂತವಳಿಗೆ ಅಳು ಬಂತು. 'ಬೇರೆ ಯಾರಾದರೂ ಸುಳ್ಳುಗಾತಿ ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ... ಆ ದನಿಯೇ ಯಾಕೆ ಅನ್ನಬೇಕಿತ್ತು?'

ಅವತ್ತೇ ಆ್ಯಪ್ ತೆಗೆದುಹಾಕಿದಳು. ಓಡುವುದನ್ನು ಮಾತ್ರ ಬಿಡಲಿಲ್ಲ.

* * *

ಇತ್ತ ನಿಪ್ಪಾಣಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಸಂಗ್ರಾಮನಿಗೆ ಊಟ ಸೇರುತ್ತಿರಲಿಲ್ಲ.

ಜೊತೆಗೆ ಕೆಲಸ ಮಾಡುವ ಗೆಳೆಯ ಲಖನ ನೋಡಿ ನೋಡಿ ಕೇಳಿದ. "ಏನಲೇ, ಎರಡ ದಿನದಿಂದ ಆ ಜುಗೂಳದ ಹುಡುಗಿ ಕ್ಯಾಲೆಂಡರ್ ತಗದು ಕುಂತೀ?"

"ಖಾಲಿ ಐತಿ ನೋಡಲೇ. ಸುಳ್ಳ ಹಾಕವರು ಬೈಸ್ಕೊಂಡ ಮ್ಯಾಲ ಇನ್ನಷ್ಟ ಛಂದ ಸುಳ್ಳ ಹಾಕ್ತಾರ. ಈಕಿ ಪೂರಾ ಬಿಟ್ಟೇಬಿಟ್ಟಾಳ."

"ಹಂಗಾರ?"

"ಹಂಗಾರ ಈಕಿ ಖರೇನ ಓಡಿರಬೇಕು."

ಲಖನ ಬೈಕಿನ ಚಾವಿ ಅವನ ಮುಂದೆ ಎಸೆದ. "ನನ್ನ ಮುಂದ ಹೇಳಿ ಏನ್ ಉಪಯೋಗ? ಅಲ್ಲಿ ಹೋಗಿ ಹೇಳು."

ಮಂಗಳವಾರ ಬೆಳಿಗ್ಗೆ ಸಂಗ್ರಾಮ ಜುಗೂಳ ಮುಟ್ಟಿದ. ಮನೀಷಾಳ ಅಪ್ಪ ಲಗಮಣ್ಣನ ಹೊಲ ಯಾವುದೆಂದು ಕೇಳಿಕೊಂಡು, ಹೊಳೆಯ ಕಡೆಗಿದ್ದ ಕಬ್ಬಿನ ಹೊಲಕ್ಕೆ ಬಂದ. ಮೋಟರಿನ ಕೋಣೆಯ ಮುಂದೆ ಲಗಮಣ್ಣ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದರು.

ಸಂಗ್ರಾಮ ಬಾಯಿ ತೆರೆಯುವಷ್ಟರಲ್ಲಿ ಬದುವಿನ ಮೇಲಿಂದ ಯಾರೋ ಗಾಳಿಯಂತೆ ಓಡಿಬಂದರು. ಬರಿಗಾಲು, ಸೊಂಟಕ್ಕೆ ಬಿಗಿದ ಓಢಣಿ, ಮೊಣಕಾಲವರೆಗೆ ಕೆಸರು.

ಮನೀಷಾ!

ಅವನನ್ನು ನೋಡಿಯೂ ನೋಡದಂತೆ ಸಲಿಕೆ ಎತ್ತಿದಳು. ಒಂದು ಸಾಲಿನ ಬಾಯಿ ಕಟ್ಟಿದಳು, ಪಕ್ಕದ್ದನ್ನು ಒಡೆದಳು. ನೀರು ಹೊಸ ಸಾಲಿಗೆ ಹರಿಯಿತು.

"ಏನ್ ಮಾಡಾಕತ್ತಾರ್ರಿ ಇವರು?" ಸಂಗ್ರಾಮ ಲಗಮಣ್ಣನನ್ನು ಕೇಳಿದ.

"ನೀರು ಹಾಯ್ಸಾಕತ್ತಾಳ. ನೀರು ಆ ತುದಿ ಮುಟ್ಟಿತೋ ಇಲ್ಲೋ ಹೋಗಿ ನೋಡಿ ಬರಬೇಕಲ್ರಿ? ನನ್ನ ಮೊಣಕಾಲ ಛಲೋ ಇದ್ದಾಗ ನಾ ನಡಕೋತ ಹೋಗತಿದ್ದೆ. ಈಕಿ ಓಡಕೋತ ಹೋಗ್ತಾಳ, ಓಡಕೋತ ಬರ್ತಾಳ. ಥ್ರೀ ಫೇಜ್ ಕರೆಂಟು ಹೋಗೂತನಕ ಹಿಂಗ."

"ದಿನಾ ಹಿಂಗೇನ್ರಿ?"

"ಒಂದ ವಾರ ಕರೆಂಟು ಹಗಲ ಕೊಡ್ತಾರ, ಒಂದ ವಾರ ರಾತ್ರಿ. ರಾತ್ರಿ ವಾರ ಹಾವು ಹುಳದ ಅಂಜಿಕಿ, ಓಡಾಕ ಬರೂದಿಲ್ಲ. ನಿದ್ದಿಗೆಟ್ಟು ಬ್ಯಾಟರಿ ಹಿಡಕೊಂಡ ನಡೀಬೇಕು. ಮುಂಜಾನೆ ಏಳಾಕ ಆಗಬೇಕಲ್ರಿ ಮತ್ತ?"

ಸಂಗ್ರಾಮ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟ. ಇಪ್ಪತ್ತೆರಡು ಓಟ. ಇಪ್ಪತ್ತೆರಡು ಸಲ ನೀರು ಹಾಯಿಸುವುದು. ಕೆಂಪಾದ ಆ ವಾರ ಅವಳು ಮೈಮುರಿದು ದುಡಿದ ವಾರ. ಅವನು ಬಸ್ ಕಂಡಕ್ಟರ್ ನಾಮದೇವನ ಮಗ, ಪೇಟೆಯಲ್ಲಿ ಬೆಳೆದವನು. ಕರೆಂಟಿಗೂ ಓಟಕ್ಕೂ ನಂಟಿದ್ದೀತೆಂದು ಅವನಿಗೆ ಹೊಳೆದಿರಲೇ ಇಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಮನೀಷಾ ಆ ತುದಿಯಿಂದ ಮತ್ತೆ ಓಡಿಬಂದು ನಿಂತಳು.

"ಎಮ್ಮಿ ಹುಡಕಾಕ ಬಂದ್ರೇನು? ಕೊಟ್ಟಗ್ಯಾಗ ಐತಿ, ಹೋಗಿ ನೋಡ್ರಿ."

"ತಪ್ಪಾತ್ರಿ," ಎಂದ ಸಂಗ್ರಾಮ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ. "ಮೂವತ್ತ ಮಂದಿ ಮುಂದ ಅಂದೀನಿ. ಬರೂ ರವಿವಾರ ಮೂವತ್ತ ಮಂದಿ ಮುಂದನ ತಪ್ಪಾತು ಅಂತೀನಿ. ನೀವು ಬರ್ರಿ... ಬರದಿದ್ರೂ ಅಂತೀನಿ."

ಅವಳಿಗೆ ಇನ್ನೂ ನಾಲ್ಕು ಮಾತು ಆಡುವುದಿತ್ತು. ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಆದರೆ ಒಂದೂ ನೆನಪಾಗಲಿಲ್ಲ!

"ಸುಮ್ನ ಕುಂತ್ರ ಆಗೂದಿಲ್ಲ," ಎಂದು ಸಲಿಕೆ ಅವನ ಕೈಗಿಟ್ಟಳು. "ನಮ್ಮ ವಾರ ಹ್ಯಾಂಗ ಇರ್ತೈತಿ ನೋಡ್ರಿ ಒಮ್ಮೆ."

ಅವನು ಬೇರೆಯೇ ಸಾಲು ಒಡೆದ. ನೀರೆಲ್ಲ ದಾರಿಗೆ ಹರಿಯಿತು. ಲಗಮಣ್ಣ ತಲೆ ಚಚ್ಚಿಕೊಂಡರು. ಮನೀಷಾ ಮಾತ್ರ ಹೊಟ್ಟೆ ಹಿಡಿದು ನಕ್ಕಳು, ಎರಡು ದಿನದ ಸಿಟ್ಟು ಆ ನೀರಿನ ಜೊತೆಗೇ ಹೋಯಿತು.

* * *

ಆ ರವಿವಾರ ಸಂಗ್ರಾಮ ಹೇಳಿದಂತೆಯೇ ಮೂವತ್ತು ಹುಡುಗಿಯರ ಮುಂದೆ ತಪ್ಪಾಯಿತೆಂದ, ಮನೀಷಾ ಆ್ಯಪ್ ಮತ್ತೆ ಹಾಕಿಕೊಂಡಳು. ಆಮೇಲೆ ಹಗಲು ಕರೆಂಟಿನ ಪ್ರತಿ ಮಂಗಳವಾರ ಸಂಗ್ರಾಮ ಲ್ಯಾಪ್‌ಟಾಪ್ ಹೊತ್ತು ಜುಗೂಳಕ್ಕೆ ಬರತೊಡಗಿದ. ಕ್ಯಾಲೆಂಡರನ್ನು ಸುಧಾರಿಸಬೇಕಲ್ಲ!

"ವಾರ ಸೋಮವಾರಕ್ಕ ಚಾಲೂ ಆಗಬೇಕು ಅಂತ ಯಾರ ಹೇಳ್ಯಾರ್ರಿ?" ಎಂದು ಮನೀಷಾ ಕೇಳುವಳು. "ನಮ್ಮ ವಾರ ಕರೆಂಟಿನ ಮ್ಯಾಲ. ಬೋರಗಾಂವದ ಸರಿತಾಂದು ಮಗ್ಗದ ಪಾಳಿ ಮ್ಯಾಲ. ಆಕೀಗೂ ಒಂದ ವಾರ ಹಗಲ ಪಾಳಿ, ಒಂದ ವಾರ ರಾತ್ರಿ."

"ಅಂದ್ರ ಅವರವರ ಪಾಳಿ ಅವರ ಹಾಕೋಬೇಕು. ಓಟದ ದಿನ ತಾನ ಸರೀಬೇಕು."

"ಹೂಂ. ಮತ್ತ ಸಣ್ಣ ಸಣ್ಣ ಓಟ ಎಲ್ಲಾ ಕೂಡ್ಸಬೇಕು. ಮತ್ತ ಆ ಕೆಂಪು ತಗೀರಿ. ದುಡದು ದಣದವರಿಗೆ ಕೆಂಪು ಯಾಕ?"

"ಯಾವ ಬಣ್ಣ ಹಾಕೂಣ್ರಿ?"

ಅವಳು ಯೋಚಿಸಿ ಹೇಳಿದಳು. "ಏನೂ ಬ್ಯಾಡ. ಬಿಳೇದ ಇರ್ಲಿ. ದಣಕೊಂಡ ದಿನ ಅಂದ್ರ ತಪ್ಪೇನ ಅಲ್ಲ."

ಅವನು ಟೈಪ್ ಮಾಡುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ಅವಳು ಥಟ್ಟನೆ ನೀರಿನ ಕಡೆ ತಿರುಗಿದಳು. 'ಹೀಗೆ ಯಾಕೆ ನೋಡುತ್ತಾನೆ... ನನಗಾಗಿಯೋ, ಕ್ಯಾಲೆಂಡರಿಗಾಗಿಯೋ?'

ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಮಂಗಳವಾರ ಬಂತೆಂದರೆ ತಾಯಿ ಶಿವಗಂಗವ್ವ ರೊಟ್ಟಿಯ ಹಿಟ್ಟು ಎರಡು ಹಿಡಿ ಹೆಚ್ಚು ನಾದುತ್ತಿದ್ದರು. ಸಂಗ್ರಾಮ ಝುಣಕಾ ಹಚ್ಚಿಕೊಂಡು ನಾಲ್ಕು ರೊಟ್ಟಿ ತಿನ್ನುತ್ತಿದ್ದ. ಎಲ್ಲವೂ ಹಿತವಾಗಿತ್ತು. ಹಿತವಾಗಿದ್ದಷ್ಟೂ ಅವಳಿಗೆ ಒಳಗೊಳಗೇ ಭಯ. ಕ್ಯಾಲೆಂಡರ್ ಒಂದು ದಿನ ಮುಗಿಯುತ್ತದಲ್ಲ!

"ಇನ್ನೂ ಎಷ್ಟ ಉಳದೈತ್ರಿ?" ಎಂದು ಕೇಳಿದರೆ, ಅವನು ಕಣ್ಣು ತಪ್ಪಿಸಿ, "ಸ್ವಲ್ಪ ತೊಂದ್ರಿ ಐತ್ರಿ... ಫೆಬ್ರುವರಿ ತಿಂಗಳು ಸರಿ ಕುಂದ್ರವಲ್ದು," ಎನ್ನುತ್ತಿದ್ದ.

ಅವಳಿಗೂ ಅದೇ ಬೇಕಿತ್ತು. ಫೆಬ್ರುವರಿ ಎಂದೂ ಸರಿ ಕೂರದಿರಲಿ!

* * *

ಓಟದ ಪರೀಕ್ಷೆಗೆ ಇನ್ನು ಮೂರೇ ವಾರ. ಆ ರವಿವಾರ ಮೈದಾನದಲ್ಲಿ ಸರಿತಾ ಸಪ್ಪಗೆ ಕೂತಿದ್ದಳು.

"ಮತ್ತ ಕೆಂಪು ಬಿತ್ತವಾ. ರಾತ್ರಿ ಪಾಳಿ ಮಾಡಿ ಬಂದು ಮಲಗಿದ್ದೆ. ಮೂರ ಕೆಂಪಾದ್ರ ಇದು ಮತ್ತ ಮೊದಲ ದಿನದಿಂದ ಚಾಲೂ ಮಾಡ್ತೈತಿ. ನಾಕನೇ ಸರ್ತಿ ಮೊದಲ ದಿನ! ನನ್ನ ಕೈಲೆ ಆಗೂದಿಲ್ಲ, ಬಿಟ್ಟಬಿಡ್ತೀನಿ."

"ಹೊಸಾ ಕ್ಯಾಲೆಂಡರ್ ಬರ್ತೈತಿ, ತಡಿ," ಎಂದು ಮನೀಷಾ ಸಮಾಧಾನ ಹೇಳುತ್ತಿದ್ದಳು.

ಪಕ್ಕದಲ್ಲೇ ನೀರಿನ ಬಾಟಲಿ ಹಂಚುತ್ತಿದ್ದ ಲಖನ ಯೋಚಿಸದೆ ಅಂದುಬಿಟ್ಟ. "ಅದ ತಯಾರಾಗಿ ತಿಂಗಳ ಮ್ಯಾಲಾತಲ್ರಿ! ಸಂಗ್ರಾಮ ಇನ್ನ ಚಾಲೂ ಮಾಡಿಲ್ಲ ಅಷ್ಟ."

ಮನೀಷಾ ನೇರ ಸಂಗ್ರಾಮನ ಎದುರು ಹೋಗಿ ನಿಂತಳು.

"ತಿಂಗಳ ಹಿಂದನ ತಯಾರ ಆಗೇತಂತ, ಖರೇನ?"

ಅವನ ಮುಖ ಬಿಳಿಚಿಕೊಂಡಿತು. "...ಹೌದ್ರಿ."

"ಫೆಬ್ರುವರಿ?"

"ಫೆಬ್ರುವರಿ ಸರಿ ಐತ್ರಿ."

"ಯಾಕ ಸುಳ್ಳ ಹೇಳಿದ್ರಿ?"

ಅವನು ಕನ್ನಡಕ ಮೇಲೆ ಸರಿಸಿಕೊಂಡ. "ಅದ ಮುಗದ್ರ... ಜುಗೂಳಕ್ಕ ಬರಾಕ ನೆವ ಇರತಿರಲಿಲ್ಲ."

ಎದೆಯೊಳಗೆ ಒಂದು ಹೂವು ಅರಳಿತು. ಅರಳಿದ ಹೊತ್ತಿಗೇ ಸರಿತಾಳ ಮುಖ ಕಣ್ಣಿಗೆ ಬಿತ್ತು. ಸಂತೋಷವೂ ಸಿಟ್ಟೂ ಒಟ್ಟಿಗೇ ಬಂದರೆ ಹುಡುಗಿ ಏನು ಮಾಡಬೇಕು ಹೇಳಿ? ಮನೀಷಾ ಸಿಟ್ಟಿಗೇ ಮೊದಲು ದಾರಿ ಬಿಟ್ಟಳು.

"ನಿಮ್ಮ ನೆವಕ್ಕ ಸರಿತಾ ನಾಕ ಸರ್ತಿ ಮೊದಲ ದಿನಕ್ಕ ಹೋಗ್ಯಾಳ. ಓಡೂದ ಬಿಡ್ತೀನಿ ಅನ್ನಾಕತ್ತಾಳ! ಈಗಿಂದೀಗ ಚಾಲೂ ಮಾಡ್ರಿ. ನನ್ನ ಕಣ್ಣ ಮುಂದ."

ಸಂಗ್ರಾಮ ಮೈದಾನದ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ಹತ್ತು ನಿಮಿಷದಲ್ಲಿ ಮೂವತ್ತು ಫೋನುಗಳಲ್ಲೂ ಕೆಂಪು ಮಾಯವಾಯಿತು. ಸರಿತಾ ಕೂಗಿಕೊಂಡು ಕುಣಿದಳು.

ಅವನು ಸರಿತಾಳ ಮುಂದೆ ಹೋಗಿ ಕೈ ಮುಗಿದ. "ನನ್ನಿಂದ ತಡ ಆತ್ರಿ. ಕ್ಷಮಾ ಮಾಡ್ರಿ." ಆಮೇಲೆ ಮನೀಷಾಳ ಕಡೆ ತಿರುಗಿ, "ಮುಗೀತ್ರಿ," ಎಂದ ಮೆಲ್ಲಗೆ.

ಮುಗಿಯಿತು. ಆ ಒಂದು ಮಾತು ಅವಳ ಜೊತೆ ಬಸ್ಸು ಹತ್ತಿತು.

* * *

ಪರೀಕ್ಷೆ ಮುಗಿಯಿತು. ನಾನೂರು ಮೀಟರನ್ನು ಮನೀಷಾ ಒಂದು ನಿಮಿಷ ಮೂವತ್ತೆಂಟು ಸೆಕೆಂಡಿನಲ್ಲಿ ಮುಗಿಸಿದಳು. ಸರಿತಾಳೂ ಪಾಸಾದಳು. ಮನೆಯಲ್ಲಿ ಹೋಳಿಗೆ ಆಯಿತು. ಆದರೆ ಹಗಲು ಕರೆಂಟಿನ ಎರಡು ಮಂಗಳವಾರ ಬಂದು ಹೋದವು, ಬೈಕಿನ ಸದ್ದು ಕೇಳಲಿಲ್ಲ.

'ಹೆಚ್ಚು ಬೈದೆನೇ? ಬೈಯಬೇಕಾಗಿತ್ತು, ಬೈದೆ. ಆದರೆ ಅವನು ಹೇಳಿದ ಮಾತಿಗೆ ನಾನು ಉತ್ತರವನ್ನೇ ಕೊಡಲಿಲ್ಲವಲ್ಲ...'

ಫೋನ್ ಮಾಡೋಣವೆಂದರೆ ಕೈ ಬರಲಿಲ್ಲ. ಏನೆಂದು ಮಾಡುವುದು? ಕ್ಯಾಲೆಂಡರ್ ಮುಗಿದಿತ್ತು.

ಅದರ ಮುಂದಿನ ಮಂಗಳವಾರ, ರಾತ್ರಿ ಕರೆಂಟಿನ ವಾರದ್ದು. ಹೊಲದಲ್ಲಿ ಹಗಲು ಏನೂ ಕೆಲಸವಿರಲಿಲ್ಲ. ಮನೀಷಾ ಅಂಗಳದಲ್ಲಿ ಬುಟ್ಟಿ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ಬೈಕು ಬಂದು ನಿಂತಿತು.

ಲ್ಯಾಪ್‌ಟಾಪ್ ಇರಲಿಲ್ಲ. ಚೀಲವೂ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸಂಗ್ರಾಮ ಬರಿಗೈಯಲ್ಲಿ ನಿಂತಿದ್ದ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಮನೀಷಾ ಎದ್ದು ನಿಂತಳು. ಉಡಿಯಲ್ಲಿದ್ದ ಶೇಂಗಾ ಎಲ್ಲ ನೆಲಕ್ಕೆ ಬಿತ್ತು.

"ಈ ವಾರ ಕರೆಂಟು ರಾತ್ರಿ ಐತ್ರಿ... ಹಗಲ ಹೊಲದಾಗ ಏನೂ ಇಲ್ಲ. ನಿಮಗ ಗೊತ್ತಿಲ್ಲೇನು?"

"ಆ ಪಾಳಿ ಕ್ಯಾಲೆಂಡರಿನಾಗ ಹಾಕಿದವ ನಾನ. ಗೊತ್ತೈತ್ರಿ."

"ಮತ್ತ ಯಾಕ ಬಂದ್ರಿ?"

"ಎರಡ ಸರ್ತಿ ಗಾಡಿ ಚಾಲೂ ಮಾಡಿ ಬಂದ ಮಾಡಿದೆ. ಹಗಲ ಪಾಳಿ ವಾರ ಬಂದ್ರ, ಮತ್ತ ನೆವ ತಗೊಂಡ ಬಂದೀನಿ ಅಂತ ನೀವು ತಿಳಕೋತಿದ್ರಿ. ಅದಕ್ಕ ಏನೂ ಕೆಲಸ ಇಲ್ಲದ ದಿನ ನೋಡಿ ಬಂದೀನಿ." ಅವನು ಒಂದು ಹೆಜ್ಜೆ ಮುಂದೆ ಬಂದ. "ಮನೀಷಾ... ನಿಮ್ಮನ್ನ ನೋಡಾಕ ಬಂದೀನಿ. ನಿಮ್ಮನ್ನಷ್ಟ."

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಕೊರೆಯುತ್ತಿದ್ದ ಪ್ರಶ್ನೆಗೆ ಉತ್ತರ ಬರಿಗೈಯಲ್ಲಿ ಅಂಗಳಕ್ಕೆ ಬಂದು ನಿಂತಿತ್ತು.

ಒಳಗಿನಿಂದ ಶಿವಗಂಗವ್ವನ ದನಿ ಬಂತು. "ಯಾರ ಬೇ, ಬಂದವರು?"

"ಸಂಗ್ರಾಮ ಬಂದಾರವ್ವಾ!"

"ಇವತ್ತ? ಇವತ್ತೇನ ಕೆಲಸೈತಿ?"

ಮನೀಷಾ ಕಣ್ಣೊರೆಸಿಕೊಂಡು ನಕ್ಕಳು. "ಏನೂ ಕೆಲಸಿಲ್ಲಂತವ್ವಾ!"

ಒಳಗೆ ಹಿಟ್ಟಿನ ಡಬ್ಬಿ ತೆರೆದ ಸದ್ದು.

"ನಿಪ್ಪಾಣಿ ನಿಮ್ಮ ಮನ್ಯಾಗ ಯಾರ ಯಾರ ಅದಾರ ಅಂತ ಅವ್ವ ಎರಡನೇ ವಾರಕ್ಕ ವಿಚಾರ್ಸಿ ಮುಗಿಸ್ಯಾಳ," ಎಂದಳು ಮನೀಷಾ ಪಿಸುದನಿಯಲ್ಲಿ.

"ಹೌದಾ! ಏನಂದ್ರು?"

"ಅಪ್ಪಗ ಹೇಳೂ ಕೆಲಸ ನಂದು ಅಂದ್ಲು."

"ಮತ್ತ... ನೀವು ಏನಂತೀರಿ?"

ಮನೀಷಾ ಕೆಳಗೆ ಕೂತು, ಚೆಲ್ಲಿದ ಶೇಂಗಾ ಒಂದೊಂದಾಗಿ ಆರಿಸತೊಡಗಿದಳು. ತಲೆ ಎತ್ತದೆ, ಪಕ್ಕದ ಕಟ್ಟೆಯ ಮೇಲಿನ ಧೂಳನ್ನು ಓಢಣಿಯಿಂದ ಒರೆಸಿದಳು.

"ನಾನ? ನಾ ಏನಂತೀನಿ... ಗಡಬಡಿ ಇಲ್ಲದಿದ್ರ ಕುಂದ್ರು ಅಂತೀನಿ."

ಅವಳು ಮೊದಲ ಸಲ 'ರಿ' ಬಿಟ್ಟು ಮಾತಾಡಿದ್ದಳು. ಸಂಗ್ರಾಮ ಅವಳ ಪಕ್ಕದಲ್ಲಿ ಕೂತು, ಬುಟ್ಟಿಯಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡ.

"ಗಡಬಡಿ ಏನಿಲ್ಲ," ಎಂದ. "ಎಷ್ಟೊತ್ತು ಕುಂದ್ರಲಿ?"

"ಕುಂದ್ರು," ಎಂದಳು ಮನೀಷಾ. "ಇಲ್ಲೇ ಇರು."