ಕಣ್ಣು ಬರೆಯದ ಬೊಂಬೆ

ಹೊಲಕ್ಕೆ ಕಲ್ಲು ನೆಟ್ಟು 'ಇದು ನನ್ನದು, ಅದು ನಿನ್ನದು' ಅನ್ನುವುದನ್ನು ಜನ ಆಗಷ್ಟೇ ಕಲಿತಿದ್ದ ಕಾಲವಂತೆ ಅದು. ಒಂದು ಊರಿಗೆ ಮಾರಿ ಬಂದಳು. ಒಲೆ ಹೊಗೆಯಾಡುವ ಮನೆಗಳು ಕಡಿಮೆಯಾಗಿ, ಸುಡುಗಾಡಿನ ಹೊಗೆ ಹೆಚ್ಚಾಯಿತು. ಊರವರು ಕಿನ್ನಾಳಕ್ಕೆ ಹೋಗಿ ಒಬ್ಬ ಚಿತ್ರಗಾರನ ಕಾಲು ಹಿಡಿದರು. ಅವನು ಹಗುರ ಮರದಲ್ಲಿ ಒಂದು ಬೊಂಬೆ ಕೊರೆದು, ಮಂತ್ರ ಹಾಕಿ ಮಾರಿಯನ್ನು ಅದರೊಳಗೆ ಕಟ್ಟಿದ. ಹಸಿರು ಸೀರೆ ಬರೆದ. ಮೂಗುತಿ ಬರೆದ. ತುಟಿಗೆ ಕೆಂಪು ತುಂಬಿದ. ಕಣ್ಣು ಮಾತ್ರ ಬರೆಯಲಿಲ್ಲ. ಕಣ್ಣಿದ್ದರೆ ತಿರುಗಿ ಬರುವ ದಾರಿ ಕಾಣುತ್ತದಲ್ಲ.

"ಹೊಳಿ ದಂಡಿಗೆ ಒಯ್ದು ಕಣ್ಣ ಬರೀತೀವಿ ತಾಯಿ. ನೀರ ನೋಡಕೋತ ಹೋಗಿಬಿಡು" ಎಂದು ಊರವರು ಮಾತು ಕೊಟ್ಟರು. ಬೊಂಬೆಯನ್ನು ಪುಟ್ಟ ಬಂಡಿಯಲ್ಲಿ ಕೂಡಿಸಿ ತಮ್ಮ ಗಡಿ ದಾಟಿಸಿ ಬಂದರು. ಗಡಿಯಾಚೆಯ ಊರವರು ಮುಂದಿನ ಊರಿಗೆ ದಾಟಿಸಿದರು, ಅವರು ಅದರ ಮುಂದಿನ ಊರಿಗೆ. ಕಟ್ಟಕಡೆಯ ಊರವರಿಗೆ ಅಂಜಿಕೆ ಹೆಚ್ಚಾಯಿತೋ, ಬೇಸರವೇ ಬಂತೋ. ಹೊಳೆ ಇನ್ನೊಂದು ಗುಡ್ಡದಾಚೆ ಇರುವಾಗಲೇ ಬಂಡಿ ಬಿಟ್ಟು, ತಿರುಗಿ ನೋಡದೆ ಓಡಿದರು.

"ಅಕಿ ಇನ್ನೂ ಅಲ್ಲೇ ಕುಂತಾಳ" ಎಂದಳು ಮುದಕಮ್ಮ, ಬುತ್ತಿಯ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟುತ್ತ. "ಗುಡ್ಡದ ದಾರ್ಯಾಗ ಸಣ್ಣ ಬಂಡಿ ಕಂಡ್ರ ಇಳೀಬ್ಯಾಡ್ರಿ ಅಳಿಯಂದ್ರ. ಅಕಿ ಕಣ್ಣ ಕೇಳ್ತಾಳ."

ಗೋವಿಂದರಾಜ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಕ್ಕ. ತುಮಕೂರಿನವನು. ಯಲಬುರ್ಗಾಕ್ಕೆ ಸರ್ವೇಯರ್ ಆಗಿ ಬಂದು, ಮುದಕಮ್ಮನ ಮೊಮ್ಮಗಳು ಸುಕನ್ಯಾಳನ್ನು ಮದುವೆಯಾಗಿ, ಇನ್ನೂ ಈ ಊರಿನ ಉಪ್ಪು ನೀರಿಗೆ ಹೊಂದಿಕೊಳ್ಳದವನು.

"ಅಜ್ಜಿ, ಗಡಿಗೆ ಕಲ್ಲು ಹಾಕೋನೇ ನಾನು. ನಿಮ್ಮ ಮಾರಿ ಒತ್ತುವರಿ ಮಾಡಿದ್ರೆ ನೋಟಿಸ್ ಕೊಟ್ಬಿಡ್ತೀನಿ."

"ನೋಟಿಸ್ ಓದಾಕ ಅಕಿಗೆ ಕಣ್ಣ ಇಲ್ರಿ" ಎಂದಳು ಮುದಕಮ್ಮ. ಅವಳು ನಗಲಿಲ್ಲ.

ಎರಡನೇ ಶನಿವಾರ, ಅದಕ್ಕಂಟಿಕೊಂಡ ಭಾನುವಾರ. ಗಂಗಾವತಿಯಾಚೆ, ಬಂಡೆಗುಡ್ಡದ ಮೇಲೊಂದು ಹೊಸ ರೆಸಾರ್ಟ್ ಆಗಿತ್ತು. ಮದುವೆಯಾದ ಮೇಲೆ ಇಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಎರೆಮಣ್ಣಿನ ಬಯಲು ಕೊಪ್ಪಳದವರೆಗೆ ಕಾರಿನ ಜೊತೆಗೇ ಓಡಿ ಬಂದು, ಮುಂದೆಲ್ಲೋ ಹಿಂದುಳಿಯಿತು. ಕಾಲುವೆ ಬಂತು. ಭತ್ತದ ಗದ್ದೆಯ ಕೆಸರಿನ ವಾಸನೆ ಬಂತು. ಆಮೇಲೆ ಬಂಡೆಗಳು. ಒಂದರ ಮೇಲೊಂದು ಕೂತ ಆ ಕಲ್ಲುಗಳನ್ನು ಯಾವುದೋ ದೊಡ್ಡ ಕೂಸು ಆಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಿದೆ ಅನ್ನಿಸಿತು ಸುಕನ್ಯಾಳಿಗೆ.

ಗುಡ್ಡ ಹತ್ತುವ ತಿರುವಿನಲ್ಲಿ ಗಡಿಕಲ್ಲು. ಪಕ್ಕದಲ್ಲಿ ಬೇವಿನ ಮರ. ಮರದ ಬುಡದಲ್ಲಿ ಪುಟ್ಟ ಬಂಡಿ.

"ನಿಲ್ಲಸಬ್ಯಾಡ್ರಿ" ಎಂದಳು ಸುಕನ್ಯಾ.

ಅವನು ನಿಲ್ಲಿಸಿದ. ಕೆಳಗಿಳಿದರೆ ಒಣಗಿದ ನಿಂಬೆಯ, ಒಡೆದ ಬಳೆಯ, ಸುಟ್ಟ ಅರಿಶಿನದ ಘಾಟು. ಮರದಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. ಬಂಡಿಯಲ್ಲಿ ಹಸಿರು ಸೀರೆಯ ಬೊಂಬೆ. ಎಷ್ಟು ಮಳೆ ಕಂಡಿತ್ತೋ, ಬಣ್ಣ ಮಾತ್ರ ನಿನ್ನೆ ಹಚ್ಚಿದ ಹಾಗಿತ್ತು. ಕಣ್ಣಿನ ಜಾಗದಲ್ಲಿ ಬರೀ ಹಳದಿ.

"ರೀ, ಆಯಿ ಏನ್ ಹೇಳಿದ್ಲು?"

"ಕಣ್ಣು ಕೇಳ್ತಾಳೆ ಅಂದ್ರಲ್ಲ. ಪಾಪ, ಕೊಡೋಣ. ನಿನ್ನ ಕಾಡಿಗೆ ಕೊಡು."

ಅವಳು ಕೊಡಲಿಲ್ಲ. ಅವನೇ ಅವಳ ಪರ್ಸಿನಿಂದ ಕಾಡಿಗೆಯ ಕಡ್ಡಿ ತೆಗೆದ. ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ, ಹೊಲ ಅಳೆಯುವಾಗ ದುರ್ಬೀನಿನಲ್ಲಿ ನೋಡುವ ಹಾಗೆಯೇ ನೋಡಿ, ಬೊಂಬೆಗೆ ಬಲಗಣ್ಣು ಬರೆದ. ಚೆಂದದ ಕಣ್ಣು. ನಡುವೆ ಗುಡ್ಡೆಯ ಚುಕ್ಕೆ ಇಟ್ಟದ್ದೇ ತಡ, ಬೇವಿನ ಮರ ಒಮ್ಮೆ ಉಸಿರು ಬಿಟ್ಟ ಹಾಗೆ ಎಲೆ ಉದುರಿಸಿತು. ಸುಕನ್ಯಾ ಕಡ್ಡಿ ಕಸಿದುಕೊಂಡಳು.

"ಸಾಕ್ರಿ. ಹೋಗೂಣು."

"ಒಕ್ಕಣ್ಣಿ ಮಾಡಿಬಿಟ್ಟೆಯಲ್ಲೇ ಪಾಪ" ಎಂದು ನಗುತ್ತಲೇ ಅವನು ಕಾರು ಹತ್ತಿದ.

ರೆಸಾರ್ಟಿನಲ್ಲಿ ಬಾಳೆ, ತೆಂಗು, ಕೆಂಪು ಹೂವಿನ ಬಳ್ಳಿ. ಕೆಳಗೆ ತುಂಗಭದ್ರೆ ಬಂಡೆಗಳ ನಡುವೆ ಮಿಂಚುತ್ತಿತ್ತು. ಊಟದ ಹೊತ್ತಿಗೆ ಗೋವಿಂದರಾಜ ನೀರಿನ ಲೋಟಕ್ಕೆ ಕೈ ಚಾಚಿದ. ಕೈ ಗಾಳಿಯಲ್ಲಿ ಆಡಿತು. ಮತ್ತೆ ಚಾಚಿದ. ಲೋಟ ಬಲಕ್ಕಿತ್ತು. ಉರುಳಿತು.

ಸುಕನ್ಯಾ ಅವನ ಮುಖ ನೋಡಿದಳು. ಬಲಗಣ್ಣು ತೆರೆದೇ ಇತ್ತು. ಅದರೊಳಗೆ ಬೆಳಕು ಇರಲಿಲ್ಲ.

"ಧೂಳು ಬಿದ್ದಿದೆ" ಎಂದ. ಎದ್ದು ಹೋಗಿ ತೊಳೆದ. ಮತ್ತೆ ತೊಳೆದ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನಿಂತ. ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಂತೇ ಹೇಳಿದ. "ಸುಕನ್ಯಾ, ಕತ್ತಲು. ಕಾಡಿಗೆ ಬಳಿದ ಹಾಗೆ." ಅಂಗೈ ಇಳಿಸಿ, "ಈ ಕಣ್ಣಿಲ್ಲದೆ ನನಗೆ ಕೆಲಸ ಬರಲ್ಲ ಕಣೇ."

ಅಷ್ಟರಲ್ಲಿ ಊಟ ಬಡಿಸಿದ್ದ ಹುಸೇನಬಾಷಾ ಗೇಟಿನ ಕಡೆಯಿಂದ ಬಂದ. ಕೈಯಲ್ಲಿ ಪುಟ್ಟ ಬಂಡಿ, ಅದರಲ್ಲಿ ಬೊಂಬೆ.

"ಮೇಡಮ್ಮರ, ಇದು ನಿಮ್ಮ ಕಾರಿನ ಹಿಂದ ನಿಂತಿತ್ರಿ. ಕಿನ್ನಾಳದ್ದು ಇರಬೇಕು, ಭಾಳ ಛಲೋ ಐತಿ. ಒಂದ ಕಣ್ಣ ಯಾಕ ಬಿಟ್ಟಾರ ಅಂತೀನಿ."

ಅವಳ ಕಾಲಬುಡದಲ್ಲಿ ಇಟ್ಟು ಹೋದ. ಬಂಡಿಯ ಗಾಲಿಗೆ ಹಸಿ ಕೆಂಪು ಮಣ್ಣು ಮೆತ್ತಿತ್ತು. ದಾರಿಯ ಮಣ್ಣು. ಗುಡ್ಡ ಹತ್ತಿ ಬಂದ ಮಣ್ಣು.

ಸುಕನ್ಯಾ ಫೋನ್ ಹಚ್ಚಿದಳು.

ಮುದಕಮ್ಮ ಎಲ್ಲ ಕೇಳಿದಳು. ಬೈಯಲಿಲ್ಲ. "ಒಂದ ಕಣ್ಣಿಗೆ ಅದನ್ನ ಬರೆದವನ ಹಾದಿ ಅಷ್ಟ ಕಾಣತೈತಿ ಮಗಳ. ಅವ ಎಲ್ಲಿ ಹೋದ್ರೂ ಹಿಂದ ಬರ್ತಾಳ. ಎರಡನೇದಕ್ಕ."

"ಕಾಡಿಗಿ ಒರಸ್ಲೇನು?"

"ಕೊಟ್ಟದ್ದು ತಿರುಗಿ ಬರೂದಿಲ್ಲ. ಹೊತ್ತು ಮುಳುಗೂದ್ರಾಗ ಹೊಳಿ ದಂಡಿಗೆ ಒಯ್ದು ಇನ್ನೊಂದು ಬರೀಬೇಕು. ಮಾತು ಹಂಗ ಐತಿ."

"ಯಾರು ಬರೀಬೇಕಾಯಿ?"

ಅತ್ತ ಮುದುಕಿಯ ದನಿ ಒಡೆಯಿತು. "ನೀ ಬರೀಬ್ಯಾಡವ್ವ."

ಸುಕನ್ಯಾಳಿಗೆ ಅಷ್ಟು ಸಾಕಾಯಿತು.

ಹೊತ್ತು ಬಂಡೆಗಳ ಹಿಂದೆ ಇಳಿಯುತ್ತಿತ್ತು. ಬಾಳೆತೋಟದ ನಡುವೆ ಕಾಲುದಾರಿ. ಬೊಂಬೆ ಅವಳ ಎದೆಗವಚಿತ್ತು. ಹಗುರ ಮರ ಅಂತ ಯಾರಂದರು? ಹೆಣದ ಭಾರ. ಗೋವಿಂದರಾಜನ ಕೈ ಅವಳ ಭುಜದ ಮೇಲೆ. ಎಡಗಣ್ಣೂ ಮಂಜಾಗುತ್ತಿದೆ ಅಂದ. ಬಾಳೆಯ ಎಲೆಗಳು ಹಸಿರು ಕಳೆದುಕೊಂಡವು ಅಂದ. ಆಮೇಲೆ ದಾರಿಯೇ ಕಾಣುತ್ತಿಲ್ಲ ಅಂದ.

ಸುಟ್ಟ ಅರಿಶಿನದ ಘಾಟು ಮೂಗಿಗೆ ಏರಿತು. ಹಿಂದೆ ಸದ್ದು. ಕಿರ್ರ್. ಬಂಡಿಯನ್ನು ಮೇಲೆ ರೆಸಾರ್ಟಿನಲ್ಲೇ ಬಿಟ್ಟು ಬಂದಿದ್ದರು. ಕಿರ್ರ್. ಗಾಲಿ ಉರುಳುತ್ತಿತ್ತು. ಖಾಲಿ ಬಂಡಿ. ಅವರು ನಡೆದರೆ ನಡೆಯಿತು. ಓಡಿದರೆ ಓಡಿತು. ಸುಕನ್ಯಾ ತಿರುಗಲಿಲ್ಲ. ಎದೆಯ ಮೇಲೆ ಏನೋ ಒದ್ದೆ. ಬೊಂಬೆಯ ಒಂದು ಕಣ್ಣು ಅಳುತ್ತಿತ್ತು. ಕಪ್ಪು ನೀರು. ಅವಳ ರವಿಕೆಯೆಲ್ಲ ಕಪ್ಪು.

ಹೊಳೆ. ಕಲ್ಲು. ತಣ್ಣನೆಯ ಗಾಳಿ.

"ಕಡ್ಡಿ ಕೊಡು" ಎಂದ ಗೋವಿಂದರಾಜ. "ನಾನು ಶುರು ಮಾಡಿದ್ದು. ನಾನೇ ಬರೀತೀನಿ."

ದಂಡೆಯಲ್ಲಿ ಕೂತು ಕೈ ಮುಂದೆ ಮಾಡಿದ. ಬೊಂಬೆಯ ಮುಖ ಸಿಗಲಿಲ್ಲ. ಅವನ ಬೆರಳು ನೀರಿನ ಕಡೆ, ಕಲ್ಲಿನ ಕಡೆ ತಡಕಾಡಿತು. ಇಷ್ಟು ದಿನ ಊರೂರ ಗಡಿ ಹುಡುಕಿದ ಕೈ.

ಸುಕನ್ಯಾ ಅದನ್ನು ಮೆಲ್ಲಗೆ ಹಿಡಿದು ಅವನ ತೊಡೆಯ ಮೇಲೆ ಇಟ್ಟಳು. "ಎರಡೂ ನೀವ ಕೊಟ್ರ, ಮನಿತನಕ ಕಾರ್ ಯಾರ್ ಹೊಡೀತಾರ? ನನಗ ಬರೂದಿಲ್ಲಲ್ರಿ."

ಅವನು ನಗಲು ನೋಡಿದ. ಆಗಲಿಲ್ಲ. ಅವಳ ಸೆರಗಿನ ಚುಂಗು ಹಿಡಿದು, ಬೇಡ, ಬೇಡ ಅಂದ.

ಅವಳು ಬೊಂಬೆಯ ಮುಖವನ್ನು ನೀರಿನ ಕಡೆ ತಿರುಗಿಸಿ ಕಲ್ಲಿನ ಮೇಲೆ ಕೂಡಿಸಿದಳು. ಎದುರಿಗೆ ತಾನು ಮೊಣಕಾಲುದ್ದ ನೀರಿನಲ್ಲಿ ಕೂತಳು. ಮೇಲಿನ ರೆಪ್ಪೆ ಬರೆದಳು. ಅವಳ ಎಡಗಣ್ಣಿಗೆ ಗುಡ್ಡದ ತುದಿ ಮಸುಕಾಯಿತು. ಕೆಳಗಿನ ರೆಪ್ಪೆ ಬರೆದಳು. ದಡದ ಬಾಳೆಗಳು ಹೋದವು. ಗಾಲಿಯ ಸದ್ದು ಹತ್ತಿರ ಬಂತು. ಗೋವಿಂದರಾಜನ ಬೆನ್ನ ಹಿಂದೆ. ಪಕ್ಕದಲ್ಲಿ. ಅವಳು ಗೆರೆ ಸೊಟ್ಟಾಗಗೊಡಲಿಲ್ಲ. ಸೊಟ್ಟ ಕಣ್ಣಿಗೆ ಸೊಟ್ಟ ದಾರಿಯೇ ಕಾಣುತ್ತದೆ. ಇದು ನೇರ ನೀರನ್ನೇ ನೋಡಬೇಕು. ಗಂಡನ ಮುಖವನ್ನು ಎರಡೂ ಕಣ್ಣಿನಿಂದ ಒಮ್ಮೆ ನೋಡಿಕೊಂಡಳು. ಆಮೇಲೆ ಚುಕ್ಕೆ ಇಟ್ಟಳು.

ಎಡಗಡೆಯ ಲೋಕ ಆರಿಹೋಯಿತು.

ಗಾಲಿ ನಿಂತಿತು. ದಡದಿಂದ ಗೋವಿಂದರಾಜ, "ಸುಕನ್ಯಾ, ನಿನ್ನ ಸೆರಗಿನ ಬಣ್ಣ ಕಾಣ್ತಿದೆ" ಎಂದು ಅಳತೊಡಗಿದ.

ಬೊಂಬೆ ಅವಳನ್ನು ನೋಡಿತು. ಮರದ ರೆಪ್ಪೆ ಒಂದು ಸಲ ಮುಚ್ಚಿ ತೆರೆಯಿತು. ಎಡಗಣ್ಣಿನಲ್ಲಿ ಸುಕನ್ಯಾ ದಿನವೂ ಕನ್ನಡಿಯಲ್ಲಿ ಕಂಡ ಅದೇ ಕಂದು ಬೆಳಕು. ಅವಳು ಅದನ್ನೆತ್ತಿ ಹರಿಯುವ ನೀರಿಗೆ ಬಿಟ್ಟಳು. ಅದು ಮುಳುಗಲಿಲ್ಲ. ಅಂಗಾತ ಮಲಗಲಿಲ್ಲ. ಕೂತ ಹಾಗೆಯೇ, ಒಂದು ಅವನ ಕಣ್ಣಿನಿಂದ, ಒಂದು ಅವಳ ಕಣ್ಣಿನಿಂದ, ನೀರನ್ನು ನೋಡುತ್ತ ಹೋಯಿತು.